ಮೇಣ ಹಾಕಿದ ಮೇರ್
ಸಂಜೆ ಐದರ ಹೊತ್ತಿಗೆ ಗಬ್ಬದ ಮೇರ್‌ಗಳನ್ನು, ಅಂದರೆ ಹೆಣ್ಣು ಕುದುರೆಗಳನ್ನು, ಬೇಲಿ ಹಾಕಿದ ಪ್ಯಾಡಕ್‌ನಿಂದ ಲಾಯಕ್ಕೆ ಹೊಡೆಯುವಾಗ ಕುದುರೆ ನೋಡಿಕೊಳ್ಳುವ ಸೈಸ್‌ಗಳೆಲ್ಲ ಬಗ್ಗಿ ಬಗ್ಗಿ ಕೆಚ್ಚಲು ನೋಡುತ್ತಾರೆ. ಫೆಬ್ರವರಿ ತಿಂಗಳು, ಕುಣಿಗಲ್ ಕಡೆಯ, ಕುದುರೆ ಮರಿ ಮಾಡಿಸುವ ಒಂದು ಸ್ಟಡ್ ಫಾರಂ. ಆವತ್ತು ಸಾಲಿನಲ್ಲಿ ಕೊನೆಗೆ ಬಂದ ಬೇ, ಅಂದರೆ ಕೆಂಗಂದು ಬಣ್ಣದ ಮೇರ್‌ನ ಎರಡೂ ತೊಟ್ಟಿನ ತುದಿಯಲ್ಲಿ ಹಳದಿ ಹನಿ ಗಟ್ಟಿಯಾಗಿ ಕೂತಿತ್ತು. "ಮೇಣ ಹಾಕವ್ಳೆ ಸಾರ್, ಇವತ್ತೋ ನಾಳೆಯೋ" ಅಂದ ಸೈಸ್.

ಗಬ್ಬ ಕಟ್ಟಿ 338ನೇ ದಿನ. ಪುಸ್ತಕದ ಲೆಕ್ಕ 340, ಆದರೆ ಮೇರ್‌ಗಳು 320ರಿಂದ 365ರವರೆಗೆ ಯಾವಾಗ ಬೇಕಾದರೂ ಈಯುತ್ತವೆ. ಹಾಗಾಗಿ ಗೋಡೆಯ ಮೇಲಿನ ಕ್ಯಾಲೆಂಡರ್‌ಗಿಂತ ಕೆಚ್ಚಲನ್ನು ನಂಬುವುದು ಮೇಲು. ಈಯುವ ಎರಡರಿಂದ ನಾಲ್ಕು ವಾರ ಮುಂಚೆ ಕೆಚ್ಚಲು ತುಂಬತೊಡಗುತ್ತದೆ, ಬಾಲದ ಬುಡದ ಎರಡೂ ಪಕ್ಕ ಸಡಿಲವಾಗಿ ತಗ್ಗು ಬೀಳುತ್ತದೆ, ಕೊನೆಗೆ ಒಂದೆರಡು ದಿನ ಇರುವಾಗ ಮೇಣ. ಚೊಚ್ಚಲ ಮೇರ್‌ಗಳು ಕೆಲವೊಮ್ಮೆ ಮೇಣವನ್ನೇ ಹಾಕದೆ ಈದುಬಿಡುತ್ತವೆ. ಅದಕ್ಕೇ ಸಂಜೆ ನಾಲ್ಕು ಹನಿ ಹಾಲು ಹಿಂಡಿ ಹುಳಿಯಂಶ ತೋರಿಸುವ ಪಿಎಚ್ ಪಟ್ಟಿ ಅದ್ದುವ ಪದ್ಧತಿ. 6.4 ಅಥವಾ ಅದಕ್ಕಿಂತ ಕೆಳಗೆ ಬಂದರೆ ಮುಂದಿನ 24 ಗಂಟೆಯಲ್ಲಿ ಈಯುವ ಸಾಧ್ಯತೆ ಹೆಚ್ಚು. ಇದರದು 6.2 ತೋರಿಸಿತು.

ಈಯುವ ಬಾಕ್ಸ್, ಅಂದರೆ ಲಾಯದ ಕೋಣೆ, 16 ಅಡಿಗೆ 16 ಅಡಿ, ಮೊಣಕಾಲುದ್ದ ಒಣ ಹುಲ್ಲು. ಮರದ ಪುಡಿ ಹಾಕಿದರೆ ಒದ್ದೆ ಮರಿಯ ಮೂಗಿಗೆ, ಹೊಕ್ಕುಳಿಗೆ ಮೆತ್ತಿಕೊಳ್ಳುತ್ತದೆ. ಬಾಲಕ್ಕೆ ಬ್ಯಾಂಡೇಜ್ ಸುತ್ತಿ, ಕೆಚ್ಚಲು ತೊಳೆದು, ಯೋನಿಯ ಮೇಲ್ಭಾಗಕ್ಕೆ ಹಾಕಿದ್ದ ಕ್ಯಾಸ್ಲಿಕ್ ಹೊಲಿಗೆ ಬಿಚ್ಚಿದೆಯೇ ಎಂದು ಮತ್ತೊಮ್ಮೆ ನೋಡಬೇಕು. ಗಾಳಿ, ಲದ್ದಿ ಒಳಗೆ ಹೋಗದಿರಲೆಂದು ಹಾಕುವ ಹೊಲಿಗೆ ಅದು. ಬಿಚ್ಚಲು ಮರೆತರೆ ಮರಿ ಹೊರಬರುವಾಗ ಅಲ್ಲೇ ಹರಿದುಹೋಗುತ್ತದೆ.

ಆಮೇಲೆ ಎಲ್ಲರೂ ಹೊರಗೆ. ಜನ ಓಡಾಡುತ್ತಿದ್ದರೆ ಮೇರ್ ಈಯುವುದನ್ನು ಮುಂದಕ್ಕೆ ಹಾಕುತ್ತದೆ, ಬಹುಪಾಲು ಈಯುವುದೇ ರಾತ್ರಿ. ಈಗ ಕ್ಯಾಮೆರಾ ಇರುವುದರಿಂದ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕೂರುವುದು ತಪ್ಪಿದೆ. ಹತ್ತೂವರೆಗೆ ಮೊಣಕೈ ಹಿಂದೆ, ಪಕ್ಕೆಯ ಮೇಲೆ ಬೆವರು. ನೆಲ ಕೆರೆಯುವುದು, ಹೊಟ್ಟೆ ಕಡೆ ತಿರುಗಿ ನೋಡುವುದು, ಮಲಗಿ ಏಳುವುದು. ಹೊಸಬರು ನೋಡಿದರೆ ಹೊಟ್ಟೆನೋವು ಅಂತಲೇ ಹೇಳುವುದು. ಈಯುವ ಮೇರ್ ನಡುವೆ ನಡುವೆ ಎರಡು ಬಾಯಿ ಹುಲ್ಲು ಕೀಳುತ್ತದೆ, ಕೋಲಿಕ್ ಅಂದರೆ ಹೊಟ್ಟೆನೋವು ಆದ ಕುದುರೆ ಸಾಮಾನ್ಯವಾಗಿ ಮೇವನ್ನು ಮೂಸುವುದೂ ಇಲ್ಲ. ಈ ಹಂತ ಒಂದರಿಂದ ನಾಲ್ಕು ಗಂಟೆ ನಡೆಯಬಹುದು, ಅವಸರ ಬೇಡ.

11.20ಕ್ಕೆ ನೀರು ಒಡೆಯಿತು. ಅವಸರ ಶುರುವಾಗುವುದು ಇಲ್ಲಿಂದ. ಹಸು ಈಯುವಾಗ ನೀರೊಡೆದ ಮೇಲೆ ಗಂಟೆಗಟ್ಟಲೆ ಕಾದು ಅಭ್ಯಾಸವಿರುವ ನಮ್ಮ ಹಳ್ಳಿ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ: ಮೇರ್‌ಗೆ ಇರುವುದು ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಿಮಿಷ. ಒತ್ತಡ ಶುರುವಾದ ಮೇಲೆ ಕಸ (ಮಾಸು) ಗರ್ಭಕೋಶದಿಂದ ಬೇಗ ಬಿಡಿಸಿಕೊಳ್ಳುತ್ತದೆ, ಮರಿಗೆ ಉಸಿರು ಸಿಗುವುದಿಲ್ಲ. ನೀರೊಡೆದ ಐದು ನಿಮಿಷದೊಳಗೆ ಬಿಳಿ-ನೀಲಿ ಪೊರೆ ಕಾಣಬೇಕು, ಅದರೊಳಗೆ ಒಂದು ಗೊರಸು, ಅದರ ಹಿಂದೆ ನಾಲ್ಕಾರು ಅಂಗುಲ ಬಿಟ್ಟು ಇನ್ನೊಂದು, ಮೊಣಕಾಲ ಮೇಲೆ ಮಲಗಿದ ಮೂತಿ. ಎರಡು ಗೊರಸು ಸಮಸಮ ಬಂದರೆ ಎರಡೂ ಭುಜ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಗೊರಸಿನ ಅಡಿ ನೆಲ ನೋಡುತ್ತಿರಬೇಕು. ಆಕಾಶ ನೋಡುತ್ತಿದ್ದರೆ ಮರಿ ಬೆನ್ನಡಿಯಾಗಿದೆ, ಇಲ್ಲವೇ ಹಿಂಗಾಲು ಮುಂದೆ ಬಂದಿದೆ. ಆಗ ಮೇರ್ ಎಬ್ಬಿಸಿ ನಿಧಾನ ನಡೆಸುತ್ತ ಡಾಕ್ಟರನ್ನು ಕರೆಯಬೇಕು. ನಡೆಯುವಾಗ ತಿಣುಕುವುದು ಸ್ವಲ್ಪ ಕಡಿಮೆಯಾಗುತ್ತದೆ.

ಬಿಳಿ ಪೊರೆಯ ಬದಲು ವೆಲ್ವೆಟ್ ಹಾಗೆ ಕೆಂಪು ಚೀಲ ಬಂದರೆ ಡಾಕ್ಟರಿಗೆ ಫೋನ್ ಮಾಡುವಷ್ಟು ಹೊತ್ತೂ ಇಲ್ಲ. ಕಸ ಮೊದಲೇ ಬಿಟ್ಟುಕೊಂಡು ಮುಂದೆ ಬಂದಿದೆ ಅಂತ ಅರ್ಥ. ಮೊಂಡು ತುದಿಯ ಕತ್ತರಿಯಿಂದ ಅಲ್ಲೇ ಕತ್ತರಿಸಿ ಮರಿಯನ್ನು ಎಳೆದುಬಿಡಬೇಕು. ಆ ಕತ್ತರಿ ಬಾಕ್ಸಿನ ಹೊರಗೆ ಮೊಳೆಗೆ ನೇತುಬಿದ್ದಿರಬೇಕು. ಡ್ರಾಯರಿನೊಳಗಿದ್ದರೆ ಆ ಹೊತ್ತಿಗೆ ಸಿಗುವುದಿಲ್ಲ.

ಆವತ್ತು ಎಲ್ಲ ಸರಿಯಾಗಿಯೇ ಬಂತು. ಎರಡು ತಿಣುಕಿಗೆ ಜೊತೆಗೂಡಿ ಕಾಲನ್ನು ಮೇರ್‌ನ ಹಿಂಗಾಲ ಮಂಡಿಯ ಕಡೆಗೆ, ಅಂದರೆ ಕೆಳಮುಖವಾಗಿ, ಎಳೆದದ್ದಷ್ಟೇ ಕೆಲಸ. 11.41ಕ್ಕೆ ಹೆಣ್ಣು ಮರಿ. ಹೊಕ್ಕುಳಬಳ್ಳಿಯನ್ನು ಕತ್ತರಿಸಲಿಲ್ಲ. ಮೇರ್ ಹತ್ತು ನಿಮಿಷ ಮಲಗಿಯೇ ಇತ್ತು, ಎದ್ದಾಗ ಬಳ್ಳಿ ತಾನಾಗಿ ಹೊಟ್ಟೆಯಿಂದ ಒಂದಂಗುಲ ಬಿಟ್ಟು ಹರಿಯಿತು. ಅಲ್ಲಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ದ್ರಾವಣದ ಬಟ್ಟಲು ಹಿಡಿದು ಅದ್ದುವುದು, ಮತ್ತೆ ಆರು ಗಂಟೆಗೊಮ್ಮೆ.

ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ಕಸ ಬೀಳಬೇಕು. ಮರಿ 45 ನಿಮಿಷಕ್ಕೇ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ ನಿಂತಿತು. ಹಾಲಿಗೆ ಬಾಯಿಟ್ಟಾಗ ತಾಯಿ ಕಿವಿ ಹಿಂದಕ್ಕೆ ಮಲಗಿಸಿ ಕಾಲೆತ್ತಿತು. ಮರಿ ಬೇಡವೆಂಬ ಸಿಟ್ಟಲ್ಲ ಅದು, ಬಿಗಿದ ಕೆಚ್ಚಲ ನೋವು. ಒಬ್ಬರು ಹಾಲ್ಟರ್ ಹಿಡಿದು, ಇನ್ನೊಬ್ಬರು ಕೈಯಲ್ಲಿ ಕಾಲು ಲೀಟರ್ ಕರೆದಮೇಲೆ ಸುಮ್ಮನಾಯಿತು. ಕರೆದ ಗಿಣ್ಣುಹಾಲನ್ನು ಗಟ್ಟಿತನ ಅಳೆಯುವ ಬ್ರಿಕ್ಸ್ ಮಾಪಕದಲ್ಲಿ ನೋಡಿದಾಗ 26 ಬಂತು. 20ಕ್ಕಿಂತ ಕಡಿಮೆಯಿದ್ದರೆ ಫ್ರೀಜರಿನಲ್ಲಿಟ್ಟ ಬೇರೆ ಮೇರ್‌ನ ಗಿಣ್ಣು ಕರಗಿಸಬೇಕಿತ್ತು. ಮನುಷ್ಯರಲ್ಲಿ ಗರ್ಭದಲ್ಲೇ ರೋಗನಿರೋಧಕ ಶಕ್ತಿ ಮಗುವಿಗೆ ದಾಟುತ್ತದೆ, ಮೇರ್‌ನಲ್ಲಿ ಹಾಗೆ ಮರಿಗೆ ದಾಟುವುದಿಲ್ಲ, ಎಲ್ಲವೂ ಗಿಣ್ಣಿನಲ್ಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಮೇಣ ಹಾಕುವ ಬದಲು ದಿನಗಟ್ಟಲೆ ಹಾಲು ಸೋರಿಸಿಕೊಂಡ ಮೇರ್‌ನ ಮರಿ ಅದಕ್ಕೇ ಅಪಾಯದಲ್ಲಿರುವುದು. ಮಾರನೆಯ ರಾತ್ರಿ ಮರಿಯ ರಕ್ತ ತೆಗೆದು ಐಜಿಜಿ, ಅಂದರೆ ಆ ರೋಗನಿರೋಧಕ ಪ್ರೋಟೀನ್ ಎಷ್ಟಿದೆ ಎಂದು, ನೋಡುತ್ತೇವೆ: ಡೆಸಿಲೀಟರಿಗೆ 800 ಮಿಲಿಗ್ರಾಂ ದಾಟಿದ್ದರೆ ನಿಶ್ಚಿಂತೆ, 400ರ ಕೆಳಗಿದ್ದರೆ ಪ್ಲಾಸ್ಮಾ (ರಕ್ತದ ದ್ರವಭಾಗ) ಏರಿಸಬೇಕು.

ತೊಡಕಾದದ್ದು ಕಸದಲ್ಲಿ. ರಾತ್ರಿ ಎರಡೂವರೆ ದಾಟಿದರೂ ನೇತಾಡುತ್ತಲೇ ಇತ್ತು. ಹಸುವಿಗಾದರೆ ಬೆಳಗಿನವರೆಗೆ ನೋಡೋಣ ಅನ್ನಬಹುದು. ಮೇರ್‌ನಲ್ಲಿ ಒಳಗುಳಿದ ಕಸದ ನಂಜು ರಕ್ತಕ್ಕೆ ಸೇರಿ ಗೊರಸಿಗೆ ಇಳಿಯುತ್ತದೆ, ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಆಗಿ ಕುದುರೆ ನಿಲ್ಲಲಾರದೆ ಹೋಗುತ್ತದೆ. ಕೈಯಲ್ಲಿ ಎಳೆಯುವಂತಿಲ್ಲ, ಕಲ್ಲು ಕಟ್ಟುವ ನಾಟಿ ಉಪಾಯವಂತೂ ಬೇಡವೇ ಬೇಡ. ಎಳೆದರೆ ತುದಿ ಹರಿದು ಒಳಗುಳಿಯುತ್ತದೆ, ಗರ್ಭಕೋಶವೇ ಹೊರಗೆ ಬರುವುದೂ ಉಂಟು. ಕಾಲಿಗೆ ಸಿಕ್ಕದ ಹಾಗೆ ಮೇಲಕ್ಕೆ ಗಂಟು ಹಾಕಿ, ಡಾಕ್ಟರ್ ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ 20 ಯೂನಿಟ್ ಕೊಟ್ಟರು, ಗಂಟೆಯಾದ ಮೇಲೆ ಇನ್ನೊಮ್ಮೆ. ನಾಲ್ಕು ಗಂಟೆಗೆ ಬಿತ್ತು.

ಬಿದ್ದ ಕಸವನ್ನು ಬಕೆಟ್ಟಿಗೆ ಹಾಕಿ ಮರೆಯುವ ಫಾರಂಗಳಿವೆ. ಸಿಮೆಂಟ್ ನೆಲದ ಮೇಲೆ ನೀರು ಹಾಯಿಸಿ, ಗರ್ಭಕೋಶದ ಎರಡು ಕವಲಿನಲ್ಲಿ ಕೂತಿದ್ದ ಎರಡೂ ಕೊಂಬನ್ನು ಬಿಡಿಸಿ ಹರಡಬೇಕು. ಮರಿ ಇದ್ದ ಕೊಂಬು ದಪ್ಪ, ಖಾಲಿ ಕೊಂಬು ಸಪೂರ, ಸುಕ್ಕು. ಹರಿದು ಉಳಿಯುವುದು ಹೆಚ್ಚಾಗಿ ಆ ಖಾಲಿ ಕೊಂಬಿನ ತುದಿಯೇ. ಬೆರಳು ಹಾಕಿ ತುದಿ ಮುಚ್ಚಿದೆಯೇ ಎಂದು ತಡಕಿ ನೋಡಿದೆವು, ಇಡಿಯಾಗಿತ್ತು. ತೂಕ ಐದೂವರೆ ಕಿಲೋ. ಮರಿಯ ತೂಕದ ಹತ್ತರಲ್ಲೊಂದು ಪಾಲಿನ ಆಸುಪಾಸು ಇದ್ದರೆ ಸರಿ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಸೋಂಕಿನ ಅನುಮಾನ. ಆದರೂ ತಡವಾದದ್ದಕ್ಕೆ ಮೂರು ದಿನ ಬೆಳಿಗ್ಗೆ-ಸಂಜೆ ಜ್ವರ ನೋಡುವುದು, ಗೊರಸು ಮುಟ್ಟಿ ಬಿಸಿ ನೋಡುವುದು ಎಂದು ಬೋರ್ಡಿನ ಮೇಲೆ ಬರೆದಾಯಿತು.

ಮೇವಿನಲ್ಲೂ ಒಂದು ಮಾತಿದೆ. 500 ಕಿಲೋ ಮೇರ್ ದಿನಕ್ಕೆ ಸುಮಾರು 15 ಲೀಟರ್ ಹಾಲು ಇಳಿಸುತ್ತದೆ. ಹಾಲಾಗಲೆಂದು ಗೋಧಿ ಬೂಸಾ ಸುರಿಯುವವರಿದ್ದಾರೆ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ, ಮೇರ್ ತನ್ನ ಎಲುಬಿನಿಂದಲೇ ಸುಣ್ಣ ಕರಗಿಸಿ ಹಾಲಿಗೆ ಕೊಡಬೇಕಾಗುತ್ತದೆ. ಓಟ್ಸ್ ಜೊತೆಗೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಹಾಕಿದರೆ ಆ ಲೆಕ್ಕ ಸರಿಹೋಗುತ್ತದೆ.

ಬೆಳಗಾದಮೇಲೆ ಆಫೀಸಿನಲ್ಲಿ ಮಾತು ಮುಂದಿನ ಗಬ್ಬದ್ದು. ಸ್ಟಾಲಿಯನ್‌ನ, ಅಂದರೆ ಬೀಜದ ಗಂಡು ಕುದುರೆಯ, ಹೆಸರು ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಅದಕ್ಕೆ ಒಂದು ಸೀಸನ್‌ನಲ್ಲಿ ಹತ್ತಾರು ಮರಿ. ಥರೋಬ್ರೆಡ್ ಎಂಬ ರೇಸ್ ಕುದುರೆ ತಳಿಯಲ್ಲಿ ಕೃತಕ ಗರ್ಭಧಾರಣೆ, ಭ್ರೂಣ ವರ್ಗಾವಣೆ ಎರಡಕ್ಕೂ ಒಪ್ಪಿಗೆಯಿಲ್ಲ. ಹಾಗಾಗಿ ಮೇರ್‌ಗೆ ವರ್ಷಕ್ಕೆ ಒಂದೇ ಮರಿ. ತಾಯಿ ಒಂದೇ ಆದರೆ ಮಾತ್ರ ಅಣ್ಣ-ತಮ್ಮ ಅನ್ನುವುದು ಕುದುರೆಯವರ ರೂಢಿ, ಒಂದೇ ತಂದೆಯ ಮಕ್ಕಳಿಗೆ ಆ ನೆಂಟಸ್ತನವಿಲ್ಲ. ವರ್ಷಕ್ಕೊಂದು ಮರಿ ತಪ್ಪದಿರಬೇಕಾದರೆ 365ರಲ್ಲಿ 340 ಕಳೆದು ಉಳಿದ 25 ದಿನದಲ್ಲಿ ಮೇರ್ ಮತ್ತೆ ಗಬ್ಬ ಕಟ್ಟಬೇಕು. ಜನವರಿ 1ಕ್ಕೆ ಎಲ್ಲ ಮರಿಗಳಿಗೂ ಒಂದು ವರ್ಷ ಏರುತ್ತದೆ. ತಡವಾಗಿ ಹುಟ್ಟಿದ್ದು ಎರಡು ವರ್ಷದ ಕುದುರೆಗಳ ರೇಸಿನಲ್ಲಿ ಹಿರಿಯರ ಜೊತೆ ಓಡಬೇಕು.

ಈದ ಏಳೆಂಟು ದಿನಕ್ಕೇ ಮೊದಲ ಬೆದೆ ಬರುತ್ತದೆ, ಅದೇ ಫೋಲ್ ಹೀಟ್. ಬೆದೆ ಪತ್ತೆಗೆಂದೇ ಇರುವ ಟೀಸರ್ ಗಂಡು ಕುದುರೆಯನ್ನು ಬೇಲಿಯಾಚೆ ತಂದಾಗ ಬಾಲ ಎತ್ತಿ, ಹಿಂಗಾಲು ಅಗಲಿಸಿ, ಉಚ್ಚೆ ಹನಿಸಿದರೆ ಗುರುತು. ಕಾಲ ಬಳಿ ಮರಿ ಇರುವ ಮೇರ್ ಮಾತ್ರ ಹೆದರಿ ಬೆದೆ ಮುಚ್ಚಿಡುತ್ತದೆ, ಒದೆಯುತ್ತದೆ. ಅಂಥದ್ದಕ್ಕೆ ಸ್ಕ್ಯಾನೇ ಗತಿ. ಆ ಬೆದೆಗೆ ಸ್ಟಾಲಿಯನ್ ಕೊಡಿಸಬೇಕಾದರೆ ಕಸ ಹೊತ್ತಿಗೆ ಬಿದ್ದಿರಬೇಕು, ಗರ್ಭಕೋಶದಲ್ಲಿ ನೀರಿರಬಾರದು, ಅಂಡ ಬಿಡುವುದು ಹತ್ತನೇ ದಿನದ ನಂತರವಾದರೆ ಒಳ್ಳೆಯದು. ನಮ್ಮ ಬೇ ಮೇರ್ ಮೊದಲನೆಯದರಲ್ಲೇ ಫೇಲು. ಮ್ಯಾನೇಜರ್‌ಗೆ ಅಷ್ಟು ಹಿಡಿಸಲಿಲ್ಲ, ಆದರೂ ಫೋಲ್ ಹೀಟ್ ಬಿಡುವುದೆಂದೇ ತೀರ್ಮಾನ. ಅಂಡ ಬಿಟ್ಟ ಆರನೇ ದಿನ ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನ್ ಚುಚ್ಚಿದರೆ ಮುಂದಿನ ಬೆದೆ ಒಂದು ವಾರ ಮುಂಚೆ ಬರುತ್ತದೆ, ಕೊಡಿಸಿದ ಮೇಲೆ 14ನೇ ದಿನಕ್ಕೆ ಅವಳಿ ಇದೆಯೇ ಎಂದು ಸ್ಕ್ಯಾನ್. ಎರಡು ಕಂಡರೆ 16ನೇ ದಿನದೊಳಗೆ ಒಂದನ್ನು ಒತ್ತಿ ತೆಗೆಯಬೇಕು. ಅಲ್ಲಿಯವರೆಗೆ ಅವು ಗರ್ಭಕೋಶದಲ್ಲಿ ಓಡಾಡುತ್ತಿರುತ್ತವೆ, ಆಮೇಲೆ ಒಂದೇ ಕಡೆ ಅಂಟಿ ಕೂತರೆ ಬೇರ್ಪಡಿಸುವುದು ಕಷ್ಟ.