ಪಂಚಮಿಯ ದಿನ ನನ್ನ ಅಳಿಯ ತೋರಿಸಿದ ಬೆರಳು

ನನ್ನ ಅಕ್ಕನ ಮಗನಿಗೆ ಈಗ 15 ತಿಂಗಳು. ಮನೆಯಲ್ಲಿ ಎಲ್ಲರೂ ಅವನನ್ನ ಗುಂಡ ಅಂತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಅವನ ಮೊದಲ ವರ್ಷದಲ್ಲಿ ನಾನು ಕಂಡಿದ್ದನ್ನ ಬರೆದಿಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಫೋನ್ ತುಂಬಾ ಫೋಟೊ, ವಿಡಿಯೊ ಇವೆ ನಿಜ. ಆದರೆ ಆ ಪುಟ್ಟ ತಲೆಯೊಳಗೆ ಏನು ಬದಲಾಗ್ತಿದೆ ಅನ್ನೋದು ಫೋಟೊದಲ್ಲಿ ಬರಲ್ಲ ಅಲ್ವಾ? ಅವನು ನಡೆದ ದಿನ ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದು ಅನಿಸಿದ್ದು ಈ ಸಲದ ನಾಗರ ಪಂಚಮಿ ದಿನ ಅವನು ಬೆರಳು ಮಾಡಿ ತೋರಿಸಿದ್ದು.

ಅದಕ್ಕೂ ಮುಂಚಿನದು ಸ್ವಲ್ಪ ಹೇಳಬೇಕು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಹಾಗಾಗಿ ಗುಂಡ ಹುಟ್ಟಿದ್ದು ಇಲ್ಲೇ ಕೊಪ್ಪಳದಲ್ಲಿ, ಹೋದ ವರ್ಷದ ಶ್ರಾವಣದಲ್ಲಿ. ಮೊದಲ ತಿಂಗಳು ನಾನು ತೊಟ್ಟಿಲ ಹತ್ತಿರ ನಿಂತು ಎಷ್ಟು ಕರೆದರೂ ಅವನ ಕಣ್ಣು ಎಲ್ಲೋ ಇರುತ್ತಿತ್ತು. ಹುಟ್ಟಿದ ಕೂಸಿಗೆ ಸರಿಯಾಗಿ ಕಾಣೋದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಹಾಲು ಕುಡಿಯುವಾಗ ತಾಯಿಯ ಮುಖ ಇರೋದೂ ಅಷ್ಟೇ ದೂರದಲ್ಲಿ. ಇದು ಗೊತ್ತಾದ ಮೇಲೆ ನಾನು ಮಾತಾಡಿಸುವಾಗಲೆಲ್ಲ ಮುಖವನ್ನ ಅಷ್ಟು ಹತ್ತಿರ ತಂದು ಮಾತಾಡಿಸುತ್ತಿದ್ದೆ. ಅವ್ವ ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಅವನನ್ನ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುವಾಗ ಬಿಸಿನೀರು ಕೊಡೋದು ನನ್ನ ಕೆಲಸ. ಎರೆದ ಮೇಲೆ ಲೋಬಾನದ ಹೊಗೆ ಹಾಕೋದು ನಮ್ಮಲ್ಲಿ ರೂಢಿ. ಕೂಸಿನ ಎದೆಗೆ ಹೊಗೆ ಒಳ್ಳೆಯದಲ್ಲ ಅಂತ ನರ್ಸಮ್ಮ ಹೇಳಿದ ಮೇಲೆ ಅವ್ವ ತಾನೇ ಅದನ್ನ ಬಿಟ್ಟಳು. ಆ ವಯಸ್ಸಿನಲ್ಲಿ ಅವಳು ರೂಢಿ ಬಿಟ್ಟಿದ್ದು ನನಗೆ ಬಹಳ ಹಿಡಿಸಿತು.

ಒಂದೂವರೆ ತಿಂಗಳ ಚುಚ್ಚುಮದ್ದಿನ ಹೊತ್ತಿಗೆ ನಗು ಬಂತು. ನಿದ್ದೆಯಲ್ಲಿ ತುಟಿ ಅಲುಗುವ ನಗು ಅಲ್ಲ, ಮುಖ ನೋಡಿ ನಗೋದು. ಜನವರಿಯಲ್ಲಿ ಗವಿಮಠದ ಜಾತ್ರೆ ಬಂದಾಗ ಐದು ತಿಂಗಳು. ತೇರಿನ ದಿನದ ಜನಜಂಗುಳಿಯಲ್ಲಿ ಕೂಸನ್ನ ಒಯ್ಯೋದು ಬೇಡ ಅಂತ ಎರಡು ದಿನ ಬಿಟ್ಟು ಹೋದೆವು. ತಲೆಗೆ ಕುಲಾವಿ ಕಟ್ಟಿಸಿಕೊಂಡು ನನ್ನ ಎದೆಗೆ ಒರಗಿ ದೀಪದ ಸರಗಳನ್ನ ನೋಡಿದ್ದೇ ನೋಡಿದ್ದು. ನಾವೆಲ್ಲ ದಾಸೋಹದಲ್ಲಿ ರೊಟ್ಟಿ, ಮಾದಲಿ ಉಂಡೆವು. ಅವನಿಗೆ ಆರು ತಿಂಗಳು ತುಂಬೋವರೆಗೆ ತಾಯಿಹಾಲು ಒಂದೇ.

ಮಾರ್ಚಿನಲ್ಲಿ ಅಕ್ಕ ಅವನನ್ನ ಕರೆದುಕೊಂಡು ಸಿಂಧನೂರಿಗೆ, ಗಂಡನ ಮನೆಗೆ ಹೋದಳು. ಮನೆ ಖಾಲಿ ಖಾಲಿ. ದಿನಾ ಸಂಜೆ ವಿಡಿಯೊ ಕಾಲ್ ಮಾಡ್ತಿದ್ದೆ, ಅವನು ಫೋನನ್ನೇ ಬಾಯಿಗೆ ಹಾಕಿಕೊಳ್ಳಲು ನೋಡುತ್ತಿದ್ದ. ಮೇ ತಿಂಗಳ ಬಿಸಿಲಿನಲ್ಲಿ ಅವರು ಬಂದರು. ನಾನು ಓಡಿಹೋಗಿ ಕೈ ಚಾಚಿದರೆ ಗುಂಡ ಒಂದು ಕ್ಷಣ ನನ್ನ ಮುಖ ನೋಡಿ, ಗೋ ಅಂತ ಅಳುತ್ತಾ ಅಕ್ಕನ ಕುತ್ತಿಗೆಗೆ ಅಂಟಿಕೊಂಡ. ನಿಜ ಹೇಳ್ತೀನಿ, ಮನಸ್ಸಿಗೆ ತುಂಬಾ ನೋವಾಯ್ತು. ಒಂಬತ್ತು ತಿಂಗಳ ಚುಚ್ಚುಮದ್ದಿಗೆ ಹೋದಾಗ ಅಂಗನವಾಡಿ ಟೀಚರಮ್ಮ ತೂಕ ಮಾಡಿ, ತಾಯಿ ಕಾರ್ಡಿನಲ್ಲಿ ಚುಕ್ಕೆ ಇಡುತ್ತಾ ಹೇಳಿದರು: "ಅಳಲಿ ಬಿಡ್ರಿ, ತನ್ನೋರು ಯಾರು, ಬ್ಯಾರೆಯೋರು ಯಾರು ಅಂತ ಈಗ ತಿಳಿಯಾಕತ್ತೈತಿ ಅದಕ್ಕ." ಎಂಟು ಒಂಬತ್ತು ತಿಂಗಳಿಗೆ ಬಹಳ ಮಕ್ಕಳು ಹೀಗೇ ಮಾಡುತ್ತವೆ. ಅದೇ ಸಮಯಕ್ಕೆ ಇನ್ನೊಂದು ಬುದ್ಧಿಯೂ ಬಂದಿತ್ತು. ಮೊದಲೆಲ್ಲ ಗಿಲಕಿಯನ್ನ ಟವೆಲ್ ಕೆಳಗೆ ಇಟ್ಟರೆ ಅದು ಲೋಕದಲ್ಲೇ ಇಲ್ಲ ಅನ್ನೋ ಹಾಗೆ ಸುಮ್ಮನಾಗುತ್ತಿದ್ದ. ಈಗ ಟವೆಲ್ ಎಳೆದು ಹುಡುಕುತ್ತಿದ್ದ. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಅಂತ ಅವನಿಗೆ ಗೊತ್ತಾಗಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ನನ್ನ ತೊಡೆ ಮೇಲೆ ಬಂದು ಕೂತ, ಆ ಮಾತು ಬೇರೆ.

ಇನ್ನು ಪಂಚಮಿ. ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳಿಗೆ ಇದೇ ದೊಡ್ಡ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ನಾನು ಸಿಂಧನೂರಿಗೆ ಹೋಗಿ ಇಬ್ಬರನ್ನೂ ಬಸ್ಸಿನಲ್ಲಿ ಕರೆತಂದೆ. ಕಾರಟಗಿ, ಗಂಗಾವತಿ ದಾರಿ. ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ಗುಂಡ ಕಿಟಕಿ ಪಕ್ಕ ನನ್ನ ತೊಡೆ ಮೇಲೆ. ನಾನು ಬೆಳ್ಳಕ್ಕಿ ತೋರಿಸಿದೆ, ಟ್ರ್ಯಾಕ್ಟರ್ ತೋರಿಸಿದೆ. ಮೇ ತಿಂಗಳಲ್ಲಿ ಹೀಗೆ ತೋರಿಸಿದರೆ ನನ್ನ ಬೆರಳ ತುದಿಯನ್ನೇ ನೋಡುತ್ತಿದ್ದ. ಈ ಸಲ ಬೆರಳು ಬಿಟ್ಟು ಅದರ ಆಚೆ ನೋಡಿದ. ಆಗಲೇ ನನಗೆ ಏನೋ ಹೊಸದು ಬರ್ತಿದೆ ಅನ್ನಿಸಿತು.

ಹಬ್ಬದ ದಿನ ಬೆಳಿಗ್ಗೆ ನಾಗಪ್ಪನಿಗೆ ಹಾಲು ಎರೆದು ಬಂದರು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು ಎಲ್ಲ ಆಯ್ತು. ಮಧ್ಯಾಹ್ನದ ಮೇಲೆ ಓಣಿಯ ಬೇವಿನ ಮರಕ್ಕೆ ದಪ್ಪ ಹಗ್ಗದ ಜೋಕಾಲಿ ಕಟ್ಟಿದ್ದರು, ಹುಡುಗಿಯರು ಇಬ್ಬಿಬ್ಬರು ನಿಂತು ಜೀಕುತ್ತಿದ್ದರು. ನಾನು ಗುಂಡನನ್ನ ಕಂಕುಳಲ್ಲಿ ಎತ್ತಿಕೊಂಡು ಕಟ್ಟೆ ಹತ್ತಿರ ನಿಂತಿದ್ದೆ. ಜೋಕಾಲಿ ಮೇಲಕ್ಕೆ ಹೋಯ್ತು, ಗುಂಡನ ಮೈಯೆಲ್ಲ ಸೆಟೆಯಿತು. ಬಲಗೈ ಮುಂದೆ ಬಂತು, ಉಳಿದ ಬೆರಳುಗಳೆಲ್ಲ ಮಡಚಿ ತೋರುಬೆರಳೊಂದೇ ನೆಟ್ಟಗೆ ನಿಂತಿತು. "ಹ್ಞಾ!" ಅಂದ. ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬೆರಳು ಹಾಗೇ ಇಟ್ಟುಕೊಂಡು ತಿರುಗಿ ನನ್ನ ಮುಖ ನೋಡಿದ. ಮತ್ತೆ ಜೋಕಾಲಿ, ಮತ್ತೆ ನನ್ನ ಮುಖ.

ಜೋಕಾಲಿ ಬೇಕೇನೋ ಅಂತ ಹತ್ತಿರ ಒಯ್ದರೆ ಕಾಲು ಝಾಡಿಸಿ ಹಿಂದೆ ಬಾಗಿದ. ಅವನಿಗೆ ಅದು ಬೇಕಿರಲಿಲ್ಲ! "ಹೌದೋ, ಜೋಕಾಲಿ, ಎಷ್ಟ್ ಮ್ಯಾಲೆ ಹೋತು ನೋಡು" ಅಂದ ಕೂಡಲೇ ಮೈ ಸಡಿಲ ಬಿಟ್ಟು ನಕ್ಕ. ತಾನು ನೋಡಿದ್ದನ್ನ ನಾನೂ ನೋಡಬೇಕು, ಅಷ್ಟೇ ಅವನ ಆಸೆ. ಹಸಿವು, ನಿದ್ದೆ, ನೋವು ಬಿಟ್ಟು ಬೇರೆ ಕಾರಣಕ್ಕೆ, ಸುಮ್ನೆ ಒಂದು ಸಂತೋಷಕ್ಕೆ ಅವನು ನನ್ನನ್ನ ಕರೆದಿದ್ದು ಅದೇ ಮೊದಲು. ಒಳಗಿನಿಂದ ಅವ್ವ ಕೂಗಿ ಹೇಳಿದಳು, "ಮಾಮಾಗ ಏನ್ ತೋರಸಾಕತ್ತಾನ ನೋಡವಾ!" ನನಗೆ ಗಂಟಲು ಕಟ್ಟಿತ್ತು, ಉತ್ತರ ಕೊಡಲಾಗಲಿಲ್ಲ.

ಮಕ್ಕಳ ಬೆಳವಣಿಗೆ ಓದಿದವರು ಇದನ್ನ ದೊಡ್ಡ ಮೆಟ್ಟಿಲು ಅಂತಲೇ ಎಣಿಸುತ್ತಾರೆ. ಬೇಕು ಅಂತ ಬೆರಳು ಮಾಡೋದು ಬೇರೆ, ನೋಡು ಅಂತ ಬೆರಳು ಮಾಡೋದು ಬೇರೆ. ಬೇಗ ಬೆರಳು ತೋರಿಸುವ ಮಕ್ಕಳಿಗೆ ಮಾತೂ ಚೆನ್ನಾಗಿ ಕೂಡುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಕಾರಣ ಸುಲಭ: ಅವನು ಕಾಗೆ ತೋರಿಸಿದಾಗ ನಾವು ಕಾಗೆ ಅಂತೀವಿ, ಅವನ ಗಮನ ಎಲ್ಲಿದೆಯೋ ಅಲ್ಲಿಗೇ ಹೆಸರು ಹೋಗಿ ಕೂರುತ್ತದೆ. ಹದಿನೆಂಟು ತಿಂಗಳಾದರೂ ಮಗು ಹೀಗೆ ಏನನ್ನೂ ತೋರಿಸದಿದ್ದರೆ ಒಮ್ಮೆ ಮಕ್ಕಳ ಡಾಕ್ಟರನ್ನ ಕೇಳೋದು ಒಳ್ಳೆಯದು. ಹೆದರಬೇಕಾಗಿಲ್ಲ, ಕೇಳಬೇಕು ಅಷ್ಟೇ.

ಆ ಒಂದು ವಾರ ನಮ್ಮ ಮನೆಯಲ್ಲಿ ಅವನು ತೋರಿಸದ ವಸ್ತು ಇಲ್ಲ. ಫ್ಯಾನು, ಹಲ್ಲಿ, ದೇವರ ಮುಂದಿನ ದೀಪ, ಕಪಾಟಿನ ಮೇಲಿದ್ದ ಕಿನ್ನಾಳದ ಗೊಂಬೆ. ಆ ಗೊಂಬೆಯನ್ನ ಅವನ ತೊಟ್ಟಿಲ ಶಾಸ್ತ್ರಕ್ಕೆ ನಾನೇ ಕಿನ್ನಾಳಕ್ಕೆ ಹೋಗಿ ತಂದಿದ್ದೆ. ಹಗುರ ಮರದ್ದು, ಅಲ್ಲಿನ ಚಿತ್ರಗಾರರು ಹುಣಸೆ ಬೀಜದ ಸರಿ ಹಚ್ಚಿ ಬಣ್ಣ ಕೊಡುತ್ತಾರೆ. ಬಾಯಿಗೆ ಹಾಕಿಕೊಳ್ಳುತ್ತಾನೆ ಅಂತ ಮೇಲೆ ಇಟ್ಟಿದ್ದೆವು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದರ ಕಡೆ ಬೆರಳು.

ಆದರೆ ಪಂಚಮಿಗೆ ಬಂದ ಹಿರಿಯ ಹೆಂಗಸರಿಗೆ ಬೇರೆಯೇ ಚಿಂತೆ. ಗುಂಡ ಅಂಬೆಗಾಲು ಇಡಲೇ ಇಲ್ಲ. ಕೂತಲ್ಲೇ ಒಂದು ಕಾಲು ಮಡಚಿ, ಇನ್ನೊಂದು ಕಾಲಿನಿಂದ ಹರಿಗೋಲಿಗೆ ಹುಟ್ಟು ಹಾಕಿದ ಹಾಗೆ ಒತ್ತುತ್ತಾ ಪಡಸಾಲೆ ತುಂಬಾ ಸರಿಯುತ್ತಿದ್ದ. "ವರ್ಷ ತುಂಬಾಕ ಬಂತು, ಇನ್ನೂ ಅಂಬೆಗಾಲಿಲ್ಲ" ಅಂತ ಒಬ್ಬರು, ಗಾಲಿ ವಾಕರ್ ತಂದು ಕೂರಿಸಿ ಅಂತ ಇನ್ನೊಬ್ಬರು. ಅಕ್ಕ ರಾತ್ರಿ ಕೂತು ಅತ್ತಳು. ಮರುದಿನವೇ ಡಾಕ್ಟರ ಹತ್ತಿರ ಹೋದೆವು. ಅವರು ಅವನನ್ನ ನಿಲ್ಲಿಸಿ, ಕಾಲು ಸೊಂಟ ಎಲ್ಲ ನೋಡಿ, ಏನೂ ತೊಂದರೆ ಇಲ್ಲ, ವಾಕರ್ ಮಾತ್ರ ಬೇಡ, ಅದು ಉರುಳಿ ಪೆಟ್ಟಾಗುತ್ತದೆ, ನಡಿಗೆಗೂ ಸಹಾಯ ಆಗಲ್ಲ ಅಂದರು. ಕೆನಡಾದಲ್ಲಿ 2004ರಲ್ಲೇ ಅದನ್ನ ನಿಷೇಧಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕದ ಮಕ್ಕಳನ್ನ ನೋಡಿ ಮಾಡಿದ್ದು. ಅದರಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡದೆಯೇ ಮುಂದೆ ಹೋಗಿದ್ದವು. ಆಸರೆ ಇಲ್ಲದೆ ನಡೆಯೋದು ಎಂಟು ತಿಂಗಳಿಗೂ ಆಗಬಹುದು, ಹದಿನೇಳೂವರೆ ತಿಂಗಳಿಗೂ ಆಗಬಹುದು. ಇದನ್ನ ಅಕ್ಕನಿಗೆ ಓದಿ ಹೇಳಿದೆ. ಆಮೇಲೆ ಅವ್ವ, "ನೀನೂ ಸಣ್ಣಾಂವ ಇದ್ದಾಗ ಹಿಂಗ ಕುಂತಕಂಡ ಸರೀತಿದ್ದಿ" ಅಂದಳು. ಅಕ್ಕನಿಗೆ ಅದರಿಂದ ಹೆಚ್ಚು ಸಮಾಧಾನ ಆಯ್ತು.

ವಾಕರ್ ಬದಲು ಮೂರು ಗಾಲಿಯ ಮರದ ಬಂಡಿ ತಂದುಕೊಟ್ಟೆ, ಹಿಡಿದು ನಿಂತು ತಳ್ಳೋದು. ದಸರಾ ಕಳೆದ ಮೇಲೆ ಸಿಂಧನೂರಿನಲ್ಲಿ ಬಂಡಿ ಬಿಟ್ಟು ತಪ್ಪು ಹೆಜ್ಜೆ ಹಾಕಿದ. ನಾನು ನೋಡಿದ್ದು ವಿಡಿಯೊದಲ್ಲಿ. ಆ ವಿಡಿಯೊದಲ್ಲೂ ನಾಲ್ಕು ಹೆಜ್ಜೆ ಹಾಕಿ ನಿಂತು, ಬಾಗಿಲಾಚೆ ಇದ್ದ ಎಮ್ಮೆಗೆ ಬೆರಳು ಮಾಡಿ, ಅಕ್ಕನ ಕಡೆ ತಿರುಗಿ ನೋಡುತ್ತಾನೆ.

ಈಗ ಅವ್ವ, ಅಪ್ಪ, ಮಾಮಾ, ಹಾಲು ಅಂತಾನೆ. ಎಮ್ಮೆ, ಆಕಳು, ಆಡು ಎಲ್ಲಕ್ಕೂ ಅಂಬಾ. ನಾವು ಹೇಳಿದ್ದು ಇದಕ್ಕಿಂತ ಎಷ್ಟೋ ಜಾಸ್ತಿ ಅವನಿಗೆ ತಿಳಿಯುತ್ತದೆ. ಚಪ್ಪಲಿ ತಾ ಅಂದರೆ ತರುತ್ತಾನೆ, ದೀಪ ಎಲ್ಲಿ ಅಂದರೆ ತೋರಿಸುತ್ತಾನೆ. ಮುಂದಿನ ತಿಂಗಳು ಹುಲಿಗಿಯಲ್ಲಿ ಅವನ ಜವಳ. ಸೋದರಮಾವನ ತೊಡೆ ಮೇಲೆ ಕೂರಿಸಿಯೇ ಹುಟ್ಟುಗೂದಲು ತೆಗೆಯೋದು ನಮ್ಮ ಪದ್ಧತಿ, ಅಂದರೆ ಕೂರೋದು ನಾನು. ಕತ್ತರಿ ನೋಡಿ ಅಳಬಾರದು ಅಂತ ಅಕ್ಕ ಈಗಿನಿಂದಲೇ ಅವನೆದುರು ಬಾಚಣಿಕೆ, ಕತ್ತರಿ ಹಿಡಿದು ಆಟ ಆಡಿಸುತ್ತಿದ್ದಾಳೆ. ನಾನು ಆ ವಾರ ರಜೆಗೆ ಹೇಳಿದ್ದೇನೆ.