ಲೋಡ್ ಹಾಕಿ ನೋಡಿ ತಂದ ಜನರೇಟರ್

ವೈದ್ಯರು ಅವ್ವನಿಗೆ ಮನೆಯಲ್ಲಿಯೇ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಇಡಬೇಕೆಂದು ಹೇಳಿದ ದಿನದಿಂದ, ಕರೆಂಟ್ ಹೋದರೆ ಬೀಸಣಿಗೆ ಹಿಡಿದು ಅಂಗಳದಲ್ಲಿ ಕೂರುವ ಕಾಲ ಕಲಬುರಗಿಯ ನಮ್ಮ ಮನೆಯ ಪಾಲಿಗೆ ಮುಗಿಯಿತು. ನಿಮಿಷಕ್ಕೆ 5 ಲೀಟರ್ ಕೊಡುವ ಆ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಯ ಇನ್ವರ್ಟರಿಗೆ ಇರುವುದು 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ. ಲೆಕ್ಕಕ್ಕೆ 1800 ವ್ಯಾಟ್-ಅವರ್ ಆದರೂ ನಡುವಿನ ನಷ್ಟ ಕಳೆದು, ಜೊತೆಗೆ ಒಂದು ಫ್ಯಾನು, ಎರಡು ದೀಪ ಹಚ್ಚಿದರೆ ಮೂರು ತಾಸು ದಾಟುವುದು ಕಷ್ಟ. ದಿನನಿತ್ಯದ ಕಡಿತಕ್ಕೆ ಇಷ್ಟು ಸಾಕು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬಿರುಗಾಳಿ ಎದ್ದು, ಬೇವಿನ ಟೊಂಗೆ ತಂತಿಯ ಮೇಲೆ ಬಿದ್ದು, ಕಂಬಗಳೇ ಉರುಳಿದ ರಾತ್ರಿ ಲೈನ್‌ಮನ್‌ಗಳು ಮಳೆಯಲ್ಲಿ ನಿಂತು ದುಡಿದರೂ ಬೆಳಗಾಗುವುದುಂಟು. ಜನರೇಟರ್ ಬೇಕಾದದ್ದು ಅಂಥ ರಾತ್ರಿಗಾಗಿ.

ಅಂಗಡಿಗೆ ಹೋಗುವ ಮುನ್ನಾದಿನ ಹೆಂಡತಿಯೂ ನಾನೂ ಕುಳಿತು, ಆ ರಾತ್ರಿ ಯಾವುದು ನಡೆಯಲೇಬೇಕು, ಯಾವುದು ನಿಂತರೂ ನಡೆಯುತ್ತದೆ ಎಂದು ಬರೆದೆವು. ಅವ್ವನ ಯಂತ್ರ, ಎರಡು ಫ್ಯಾನು, ದೀಪಗಳು ಮತ್ತು ಫ್ರಿಜ್ ಸೇರಿ ಸುಮಾರು 700 ವ್ಯಾಟ್ ಆಯಿತು. ಆದರೆ ಮೋಟಾರು ಇರುವ ಯಾವುದೇ ಸಾಧನ ಶುರುವಾಗುವ ಕ್ಷಣದಲ್ಲಿ ತಾನು ಓಡುವಾಗ ಎಳೆಯುವುದರ ಹಲವು ಪಟ್ಟು ಎಳೆಯುತ್ತದೆ. 150 ವ್ಯಾಟಿನ ಫ್ರಿಜ್ ಆ ಕ್ಷಣಕ್ಕೆ 700–800 ವ್ಯಾಟ್ ಕೇಳಬಹುದು. ಹೀಗಾಗಿ 700ಕ್ಕೆ ಅಲ್ಲ, ಕ್ಷಣಕಾಲದ 1300–1400ಕ್ಕೆ ತಡೆದುಕೊಳ್ಳುವ ಯಂತ್ರವನ್ನು ಹುಡುಕಬೇಕಿತ್ತು. ಬೋರ್‌ವೆಲ್ಲಿನ ಪಂಪನ್ನು ಪಟ್ಟಿಯಿಂದ ತೆಗೆದೆವು. 1 ಎಚ್‌ಪಿ ಮೋಟಾರನ್ನು ಎಬ್ಬಿಸಲು ಬೇಕಾದ ದೊಡ್ಡ ಜನರೇಟರಿಗೆ ದುಡ್ಡು ಹಾಕುವ ಬದಲು, ಮೋಡ ಕಟ್ಟಿದ ಕೂಡಲೇ ಮೇಲಿನ ಟಾಕಿ ತುಂಬಿಸಿಟ್ಟರೆ ಸಾಕು.

ಮರುದಿನ ಗಂಜ್ ಕಡೆಯ ಅಂಗಡಿಗಳಿಗೆ ಹೊರಟಾಗ ನನ್ನ ಜೊತೆ ಬಂದವರು ತೊಗರಿ ಬೇಳೆ ಮಿಲ್ಲುಗಳ ಡೀಸೆಲ್ ಜನರೇಟರ್ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್. ಚೀಲದಲ್ಲಿ ಅವರ ಮಲ್ಟಿಮೀಟರ್ ಮತ್ತು ನಮ್ಮ ಮನೆಯ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಇದ್ದವು. ಮೊದಲ ಅಂಗಡಿಯವರು ಯಂತ್ರವನ್ನು ಖಾಲಿ ಓಡಿಸಿ, ಅದರ ಸದ್ದು ಎಷ್ಟು ಮೃದುವಾಗಿದೆ ಎಂದು ವಿವರಿಸತೊಡಗಿದಾಗ ಮೆಕ್ಯಾನಿಕ್ ನಡುವೆಯೇ ತಡೆದು, "ಖಾಲಿ ಓಡೂದು ಎಲ್ಲಾನೂ ಛಲೋನೇ ಓಡ್ತಾವ್ರಿ, ಲೋಡ್ ಹಾಕಿ ನೋಡೂಣು" ಎಂದರು. ಇಸ್ತ್ರಿಪೆಟ್ಟಿಗೆ ಹಚ್ಚಿದ ತಕ್ಷಣ ಎಂಜಿನ್ ಮುಗ್ಗರಿಸಿತು, 230ರ ಹತ್ತಿರ ಇದ್ದ ವೋಲ್ಟೇಜ್ 190ಕ್ಕೆ ಇಳಿದು ಅಲ್ಲಿಯೇ ತೂಗಾಡಿತು. ಯಂತ್ರದ ಮೈಮೇಲೆ ದೊಡ್ಡ ಅಕ್ಷರದಲ್ಲಿ ಬರೆದದ್ದು ಗರಿಷ್ಠ ಸಾಮರ್ಥ್ಯ, ಅಂದರೆ ಕೆಲವು ಕ್ಷಣ ಮಾತ್ರ ಕೊಡಬಲ್ಲದ್ದು. ಸತತವಾಗಿ ಕೊಡುವ ರೇಟೆಡ್ ಸಾಮರ್ಥ್ಯ ಹಿಂಬದಿಯ ಸಣ್ಣ ಫಲಕದಲ್ಲಿ ಇತ್ತು. ಇವೆರಡರಲ್ಲಿ ಕೊಳ್ಳುವವರು ನೋಡಬೇಕಾದದ್ದು ಎರಡನೆಯದನ್ನೇ ಎಂಬುದರಲ್ಲಿ ನನಗೆ ಯಾವ ಸಂಶಯವೂ ಉಳಿದಿಲ್ಲ.

ಆ ರೇಟೆಡ್ ಅಂಕಿಯೂ ನಮ್ಮ ಊರಿನಲ್ಲಿ ಪೂರ್ತಿ ದಕ್ಕುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಬಲ ಎತ್ತರಕ್ಕೂ ಸೆಕೆಗೂ ಕುಗ್ಗುತ್ತದೆ: ಪ್ರತಿ 300 ಮೀಟರಿಗೆ ಸುಮಾರು 3.5 ಪ್ರತಿಶತ ಇಳಿಯುತ್ತದೆಂದು ತಯಾರಕರ ಕೈಪಿಡಿಗಳೇ ಹೇಳುತ್ತವೆ, ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ. ಹತ್ತರಲ್ಲಿ ಒಂದು ಪಾಲನ್ನು ಮೊದಲೇ ಕಳೆದು ಲೆಕ್ಕ ಹಾಕಬೇಕೆಂಬುದು ಮೆಕ್ಯಾನಿಕ್ ಅವರ ಮಾತು.

ಸೀಮೆಎಣ್ಣೆಯಲ್ಲಿ ಓಡುವ ಮಾದರಿಯನ್ನು ನಾವು ಹೆಚ್ಚು ಹೊತ್ತು ನೋಡಲಿಲ್ಲ. ಉಸಿರಾಟದ ತೊಂದರೆ ಇರುವವರ ಮನೆಗೆ ಆ ಹೊಗೆ ಬೇಡ. ಕೊನೆಗೆ ಉಳಿದದ್ದು ಸಾಮಾನ್ಯ ಪೆಟ್ರೋಲ್ ಜನರೇಟರ್ ಮತ್ತು ಇನ್ವರ್ಟರ್ ಮಾದರಿಯ ಜನರೇಟರ್. ಸಾಮಾನ್ಯ ಮಾದರಿಯಲ್ಲಿ 50 ಹರ್ಟ್ಸ್ ಬರಬೇಕಾದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಲೇ ಇರಬೇಕು, ಒಂದೇ ದೀಪ ಉರಿಯುತ್ತಿದ್ದರೂ ಸರಿ. ಇನ್ವರ್ಟರ್ ಮಾದರಿ ಹುಟ್ಟಿದ ವಿದ್ಯುತ್ತನ್ನು ಮೊದಲು ಡಿಸಿ ಮಾಡಿ, ಮತ್ತೆ ನಯವಾದ ಎಸಿಯಾಗಿ ಕೊಡುವುದರಿಂದ ಲೋಡ್ ಕಡಿಮೆ ಇದ್ದಾಗ ವೇಗ ತಗ್ಗಿಸಿಕೊಳ್ಳುತ್ತದೆ. ಪೆಟ್ರೋಲ್ ಉಳಿಯುತ್ತದೆ, ಸದ್ದು ತಗ್ಗುತ್ತದೆ. ಬೆಲೆ ಮಾತ್ರ ಹೆಚ್ಚು. ಅವ್ವನ ಯಂತ್ರದೊಳಗಿನ ಸೂಕ್ಷ್ಮ ಸರ್ಕ್ಯೂಟಿನ ಹಿತಕ್ಕಾಗಿ ಆ ಬೆಲೆ ಕೊಡಲು ನಾನು ಸಿದ್ಧನಿದ್ದೆ. ಆದರೂ ಅದರ ಕಾರ್ಬುರೇಟರ್, ಸ್ಟಾರ್ಟರ್ ಹಗ್ಗ, ಏರ್ ಫಿಲ್ಟರ್ ಊರಲ್ಲಿಯೇ ಸಿಗುತ್ತವೆಂದು ಬಿಡಿಭಾಗದ ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಮೆಕ್ಯಾನಿಕ್ ಒಪ್ಪಿಗೆ ಕೊಟ್ಟರು. ಹೈದರಾಬಾದಿನಿಂದ ಭಾಗ ತರಿಸಬೇಕಾದ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಅದನ್ನು ನಂಬಿ ರೋಗಿಯನ್ನು ಇಟ್ಟುಕೊಳ್ಳಲಾಗದು. ರೇಟೆಡ್ 1.8 ಕಿಲೋವ್ಯಾಟಿನ ಆ ಯಂತ್ರ ಇಸ್ತ್ರಿಪೆಟ್ಟಿಗೆಯನ್ನು ಹೊತ್ತು, ಅದರ ಮೇಲೆ ಅಂಗಡಿಯ ಫ್ರಿಜ್ಜನ್ನೂ ಎಬ್ಬಿಸಿತು. ಮೀಟರಿನ ಅಂಕಿ ಅಲುಗಲಿಲ್ಲವೆಂದೇ ಹೇಳಬೇಕು. ಆಯಿಲ್ ಕಡಿಮೆಯಾದರೆ ತಾನೇ ನಿಲ್ಲುವ ವ್ಯವಸ್ಥೆಯೂ ಅದರಲ್ಲಿತ್ತು.

ಮನೆಗೆ ತಂದ ಸಂಜೆ ಅದನ್ನು ಇಡುವ ಜಾಗದ ಬಗ್ಗೆಯೇ ಬಹಳ ಹೊತ್ತು ಚರ್ಚೆ ನಡೆಯಿತು. ಮಳೆ ಬಂದರೆ ನೆನೆಯಬಾರದೆಂದು ಹಿತ್ತಲಿನ ಪಡಸಾಲೆಯಲ್ಲಿ ಇಡೋಣವೆಂಬುದು ತಮ್ಮನ ಸಲಹೆ. ಅದಕ್ಕೆ ನಾನು ಒಪ್ಪಲಿಲ್ಲ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ತೆರೆದಿದ್ದರೂ ಒಳಗೆ ಸೇರಿ, ಮಲಗಿದವರನ್ನು ಮಲಗಿದಲ್ಲಿಯೇ ಕೊಲ್ಲುತ್ತದೆ. ಕಿಟಕಿ-ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ ಬೇಕು, ಪಕ್ಕದ ಮನೆಯವರ ಕಿಟಕಿಗೂ ಅದೇ ನಿಯಮ. ಅಳತೆ ಪಟ್ಟಿ ಹಿಡಿದು ನೋಡಿದಾಗ ಗೇಟಿನ ಮೂಲೆಯೊಂದೇ ಅದಕ್ಕೆ ಹೊಂದಿತು. ಅಲ್ಲಿ ಶಾಹಾಬಾದ್ ಪರಸಿಯ ಕಟ್ಟೆ ಕಟ್ಟಿಸಿ, ನಾಲ್ಕೂ ಕಡೆ ಗಾಳಿಯಾಡುವಂತೆ ಎತ್ತರದ ತಗಡಿನ ಹೊದಿಕೆ ಮಾತ್ರ ಹಾಕಿಸಿದೆವು.

ವೈರಿಂಗ್ ವಿಷಯದಲ್ಲಿಯೂ ನಾನು ಯಾವ ರಿಯಾಯಿತಿಗೂ ಒಪ್ಪಲಿಲ್ಲ. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟ್ ಕೊಡುವುದನ್ನು ಕಂಡಿದ್ದೇನೆ. ಹಾಗೆ ಮಾಡಿದಾಗ ನಮ್ಮ ಕರೆಂಟ್ ಹೊರಗಿನ ತಂತಿಗೆ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಸತ್ತ ಲೈನೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ತೆಗೆಯಬಲ್ಲದು. ನಮ್ಮವ್ವನ ಉಸಿರಿಗಾಗಿ ಇನ್ನೊಬ್ಬರ ಮನೆಯ ಮಗನ ಪ್ರಾಣ ಪಣಕ್ಕಿಡಲಾಗದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ಹೊರಗಿನ ಲೈನ್ ಇಲ್ಲವೇ ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿ, ಅರ್ಥಿಂಗ್ ಮಾಡಿ ಕೊಟ್ಟ ನಂತರವೇ ಯಂತ್ರವನ್ನು ಮನೆಗೆ ಜೋಡಿಸಿದೆವು.

ಈಗ ಪ್ರತಿ ತಿಂಗಳು ಫ್ರಿಜ್ ಮತ್ತು ಫ್ಯಾನುಗಳ ಲೋಡ್ ಕೊಟ್ಟು ಸ್ವಲ್ಪ ಹೊತ್ತು ಓಡಿಸುತ್ತೇವೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದಲೂ, ನಿಂತ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟು ಕಟ್ಟುವುದರಿಂದಲೂ ಕೊನೆಗೆ ಪೆಟ್ರೋಲಿನ ಕಾಕ್ ಮುಚ್ಚಿ, ಒಳಗಿನದು ಉರಿದು ತಾನೇ ನಿಲ್ಲುವವರೆಗೆ ಬಿಡುತ್ತೇವೆ. ಟ್ಯಾಂಕು ತುಂಬುವುದು ಎಂಜಿನ್ ತಣ್ಣಗಾದ ಮೇಲೆಯೇ. ಜನರೇಟರ್ ಶುರುವಾಗುವವರೆಗಿನ ಅಂತರಕ್ಕೆ ಇನ್ವರ್ಟರ್ ಇದೆ, ಅದೂ ಕೈಕೊಟ್ಟರೆ ಅವ್ವನ ಮಂಚದ ಬಳಿ ತುಂಬಿದ ಆಕ್ಸಿಜನ್ ಸಿಲಿಂಡರ್ ಇದೆ. ನಾನು ಕೆಲಸದ ಮೇಲೆ ಸೇಡಂ, ಚಿತ್ತಾಪುರದ ಕಡೆ ಹೋದಾಗಲೂ ನಡೆಯಬೇಕೆಂದು ಹೆಂಡತಿ ಮತ್ತು ಮಗ ಇಬ್ಬರೂ ಹಗ್ಗ ಎಳೆದು ಶುರು ಮಾಡುವುದನ್ನು, ಚೇಂಜ್‌ಓವರ್ ತಿರುಗಿಸುವುದನ್ನು ಕಲಿತಿದ್ದಾರೆ. ಮೊದಲು ಅವ್ವನ ಯಂತ್ರ, ಅದು ಸ್ಥಿರವಾದ ಮೇಲೆ ಫ್ರಿಜ್ ಎಂಬ ಕ್ರಮವನ್ನು ಮಗನೇ ದಪ್ಪ ಅಕ್ಷರದಲ್ಲಿ ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿದ್ದಾನೆ.