ಮೋಡದ ಊರಿಗೆ ಯಾವ ಸೋಲಾರ್ ಪ್ಯಾನೆಲ್?

ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯ ಮನೆಗಳಿಗೆ ಸೋಲಾರ್ ಹಾಕುವುದು ನನ್ನ ಕೆಲಸ. "ನಮ್ಮಲ್ಲಿ ಮೋಡ ಜಾಸ್ತಿ, ಮೋನೋನೇ ಬೇಕಾ, ಪಾಲಿ ಸಾಕಾ?" ಅಂತ ಎಲ್ಲರೂ ಕೇಳುತ್ತಾರೆ. ಮೋನೋ ಅಂದರೆ ಒಂದೇ ಸಿಲಿಕಾನ್ ಹರಳಿನಿಂದ ಮಾಡಿದ ಸೆಲ್‌ಗಳ ಪ್ಯಾನೆಲ್, ಪಾಲಿ ಅಂದರೆ ಹಲವು ಹರಳು ಸೇರಿದ ಸೆಲ್‌ಗಳದ್ದು. ಮೋಡದ ಲೆಕ್ಕದಲ್ಲಿ ಇವೆರಡಕ್ಕೂ ವ್ಯತ್ಯಾಸ ತೀರಾ ಕಡಿಮೆ. ನೆರಳು ನೋಡಿ ಅಂತಲೇ ನಾನು ಹೇಳುವುದು.

ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಬರುವುದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಸೆಲ್ 25 ಡಿಗ್ರಿಯಲ್ಲಿ ಇದ್ದಾಗ. ಜುಲೈನ ಜಡಿಮಳೆಯಲ್ಲಿ ಆ ಬೆಳಕಿನ ಹತ್ತರಲ್ಲಿ ಒಂದೆರಡು ಪಾಲು ಸಿಕ್ಕರೆ ಹೆಚ್ಚು. ಆಗ ವೋಲ್ಟೇಜ್ ಅಷ್ಟೇನೂ ಇಳಿಯುವುದಿಲ್ಲ, ಆಂಪಿಯರ್ ಮಾತ್ರ ಬೆಳಕಿನ ಜೊತೆಗೇ ಇಳಿಯುತ್ತದೆ. ಮೋನೋ ಆದರೂ ಅಷ್ಟೇ, ಪಾಲಿ ಆದರೂ ಅಷ್ಟೇ. ಮೋನೋದ ದಕ್ಷತೆ ಶೇ. 20ರಿಂದ 22, ಪಾಲಿಯದು 15ರಿಂದ 17 ಅನ್ನುತ್ತಾರಲ್ಲ, ಅದರಿಂದ ಅಷ್ಟೇ ವ್ಯಾಟ್‌ಗೆ ಕಡಿಮೆ ಜಾಗ ಸಾಕಾಗುತ್ತದೆ, ಅಷ್ಟೇ. ಈಗ ಹೆಚ್ಚಾಗಿ ಸಿಗುವುದೂ ಮೋನೋನೇ.

ಟಾಪ್‌ಕಾನ್ ಅನ್ನುವ ಹೊಸ ಬಗೆಯ ಮೋನೋ ಒಳ್ಳೆಯ ಪ್ಯಾನೆಲ್. ಬಿಸಿಯಾದಾಗ ಡಿಗ್ರಿಗೆ ಸುಮಾರು ಶೇ. 0.3ರಷ್ಟೇ ಕಳೆದುಕೊಳ್ಳುತ್ತದೆ, ಸಾಮಾನ್ಯ ಮೋನೋಗಿಂತ ಕಡಿಮೆ. ಆದರೆ ಆ ಗುಣ ಬೇಕಿರುವುದು ರಾಯಚೂರಿನ ಏಪ್ರಿಲ್‌ಗೆ. ನಮ್ಮ ಮಳೆಗಾಲದಲ್ಲಿ ಪ್ಯಾನೆಲ್ ಹೇಗೂ ತಣ್ಣಗೇ ಇರುತ್ತದೆ ಅಲ್ವಾ? ಪಿಎಂ ಸೂರ್ಯಘರ್ ಸಬ್ಸಿಡಿ, ಅಂದರೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ, ಬೇಕಿದ್ದರೆ ಸೆಲ್ ಕೂಡ ಭಾರತದಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್ಲೇ ಹಾಕಬೇಕು. ಆಯ್ಕೆ ಅಲ್ಲೇ ಅರ್ಧ ಮುಗಿಯಿತು.

ಇನ್ನು ನೆರಳಿನ ವಿಷಯ. ಮಲೆನಾಡಿನಲ್ಲಿ ಹೆಚ್ಚು ಯೂನಿಟ್ ಬರುವುದು ಮಳೆ ನಿಂತ ಮೇಲೆ, ಮತ್ತೆ ಮಳೆ ಹಿಡಿಯುವವರೆಗೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಮನೆಯ ದಕ್ಷಿಣಕ್ಕಿರುವ ಅಡಿಕೆ ತೋಟದ ನೆರಳು ಉದ್ದವಾಗಿ ಮಾಡಿನ ಮೇಲೆ ಬರುತ್ತದೆ, ಜೂನ್‌ನಲ್ಲಿ ಬಂದು ಜಾಗ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಒಂದೇ ಸಾಲು ಸೆಲ್‌ಗೆ ನೆರಳಾದರೂ ಹಳೆಯ ಮಾದರಿಯ ಪ್ಯಾನೆಲ್‌ನಲ್ಲಿ ಮೂರನೇ ಒಂದು ಭಾಗ, ಕೆಲವೊಮ್ಮೆ ಪೂರ್ತಿ ಪ್ಯಾನೆಲ್ಲೇ ಹೋಗುತ್ತದೆ. ಹಾಫ್‌ಕಟ್, ಅಂದರೆ ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಎರಡು ಭಾಗವಾಗಿ ಜೋಡಿಸಿದ ಪ್ಯಾನೆಲ್ ಆದರೆ, ಕೆಳಗಿನ ಅರ್ಧ ನೆರಳಲ್ಲಿದ್ದರೂ ಮೇಲಿನ ಅರ್ಧ ದುಡಿಯುತ್ತದೆ. ದುಡ್ಡು ಕೊಡುವುದಿದ್ದರೆ ಇದಕ್ಕೆ ಕೊಡಿ. ಇನ್ನೂ ಉಳಿದರೆ ಒಂದು ಪ್ಯಾನೆಲ್ ಹೆಚ್ಚಿಗೆ ಹಾಕಿಸಿ, ಪ್ಯಾನೆಲ್ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್‌ಗೆ ಅಷ್ಟು ತಾಳುವ ಶಕ್ತಿ ಇದೆಯಾ ಅಂತ ಮೊದಲು ನೋಡಿಕೊಂಡು. ಮೋಡದಲ್ಲಿ ಯೂನಿಟ್ ಹೆಚ್ಚಿಸುವುದಕ್ಕೆ ಇದಕ್ಕಿಂತ ನೇರ ದಾರಿ ನನಗೆ ಗೊತ್ತಿಲ್ಲ.

ಇಳಿಜಾರು 10 ಡಿಗ್ರಿಗಿಂತ ಕಡಿಮೆ ಬೇಡ. ಚಪ್ಪಟೆಯಾದರೆ ಕೆಳಗಿನ ಫ್ರೇಮ್ ಹತ್ತಿರ ನೀರು ನಿಂತು ಪಾಚಿ ಹಿಡಿಯುತ್ತದೆ. ದೀಪಾವಳಿ ಹೊತ್ತಿಗೆ ಮೆತ್ತನೆ ಬಟ್ಟೆಯಿಂದ ಒರೆಸಿ, ಉಜ್ಜಬೇಡಿ.

ಯಾರೂ ಕೇಳದ ಒಂದು ವಿಷಯ ಇದೆ. ಮರ ಬಿದ್ದು ಮೆಸ್ಕಾಂ ಲೈನ್ ಹೋದಾಗ ಸಾಮಾನ್ಯ ಆನ್‌ಗ್ರಿಡ್ ಸೋಲಾರ್, ಅಂದರೆ ಬ್ಯಾಟರಿ ಇಲ್ಲದೆ ಲೈನಿಗೇ ಜೋಡಿಸಿದ್ದು, ತಾನೂ ನಿಲ್ಲುತ್ತದೆ, ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ. ಆಗಲೂ ಮನೆಯಲ್ಲಿ ದೀಪ ಉರಿಯಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಪ್ಯಾನೆಲ್ ಜಾತಿ ಕೇಳುವ ಮೊದಲು ಇದನ್ನು ಕೇಳಿ, ಬಜೆಟ್ ಪೂರ್ತಿ ಬದಲಾಗುತ್ತದೆ.